ಪಾರಾಯಣವೆಂದರೆ ಹಿಂಬಾಲಿಸುವುದು

(ರಮಝಾನಿನ ಬಳಿಕ ಕುರ್‌ಆನ್ ಅಧ್ಯಯನ ವರ್ಗವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸರ್ವಸ್ತುತಿಯೂ ಸರ್ವಲೋಕಗಳ ಪ್ರಭುವಾದ ಅಲ್ಲಾಹನಿಗೆ. ಅವನ ಅಂತಿಮ ಸಂದೇಶವಾಹಕರಾದ ಪ್ರವಾದಿ ಮುಹಮ್ಮದ್(ಸ)ರ ಮೇಲೆಯೂ ಅವರ ಕುಟುಂಬ ಹಾಗೂ ಅನುಚರರ ಮೇಲೆಯೂ ಶಾಂತಿ ಮತ್ತು ಅನುಗ್ರಹಗಳಿರಲಿ.

ರಮಝಾನ್ ನಮ್ಮನ್ನು ಬೀಳ್ಕೊಟ್ಟು ಕೆಲವೇ ದಿನಗಳಾಗಿವೆ. ಆ ಒಂದು ತಿಂಗಳು ನಮ್ಮ ಮಸೀದಿಗಳಲ್ಲೂ ಮನೆಗಳಲ್ಲೂ ಕುರ್‌ಆನಿನ ಧ್ವನಿ ಕೇಳಿಸುತ್ತಿತ್ತು. ತರಾವೀಹ್ ನಮಾಝಿನಲ್ಲಿ ಇಮಾಮರ ಹಿಂದೆ ನಿಂತು ನಾವು ಅದನ್ನು ಆಲಿಸಿದೆವು. ನಮ್ಮಲ್ಲಿ ಒಂದು ಖತಂ ಮುಗಿಸಿದವರಿದ್ದಾರೆ, ಎರಡು ಮೂರು ಮುಗಿಸಿದವರೂ ಇದ್ದಾರೆ. ಅಲ್ಲಾಹನು ಎಲ್ಲವನ್ನೂ ಸ್ವೀಕರಿಸಲಿ. ಆದರೆ ಈದ್ ಕಳೆದ ಮರುದಿನವೇ ಆ ಗ್ರಂಥವು ಬಟ್ಟೆಯ ಹೊದಿಕೆಯೊಳಗೆ ಸೇರಿ ಕಪಾಟಿನ ಮೇಲಿನ ಹಲಗೆಗೆ ಮರಳಿದೆ. ಇನ್ನು ಅದು ಕೆಳಗಿಳಿಯುವುದು ಒಂದೋ ಮುಂದಿನ ರಮಝಾನಿಗೆ, ಇಲ್ಲವೇ ಮನೆಯಲ್ಲಿ ಒಂದು ಮರಣ ಸಂಭವಿಸಿದಾಗ. ಇದು ಎಲ್ಲ ಮನೆಗಳ ಸ್ಥಿತಿಯಲ್ಲ ನಿಜ. ಆದರೆ ಬಹಳಷ್ಟು ಮನೆಗಳ ಸ್ಥಿತಿ ಇದೇ ಎಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾಗಿದೆ.

ಒಂದು ಮರಣದ ಮನೆ

ಮರಣದ ಮನೆಯ ಮಾತು ಬಂದುದರಿಂದ ನಾವು ಕಂಡ ಒಂದು ಘಟನೆಯನ್ನು ನಿಮ್ಮ ಮುಂದಿಡುತ್ತೇವೆ. ಯಾರನ್ನೂ ಗುರುತಿಸುವ ಅಗತ್ಯವಿಲ್ಲ, ಇಂತಹ ಮನೆಗಳು ಎಲ್ಲ ಊರುಗಳಲ್ಲೂ ಇವೆ.

ಮನೆಯ ಯಜಮಾನರು ತೀರಿಕೊಂಡಿದ್ದರು. ಮೂರನೆಯ ದಿನ ನೆಂಟರಿಷ್ಟರು ಸೇರಿದರು. ಕುರ್‌ಆನಿನ ಮೂವತ್ತು ಜುಝ್‌ಗಳನ್ನು ಮೂವತ್ತು ಮಂದಿಗೆ ಹಂಚಲಾಯಿತು. ಒಂದು ಗಂಟೆಯೊಳಗೆ ಖತಂ ಮುಗಿಯಿತು, ದುಆ ಆಯಿತು, ಚಹಾ ಬಂತು. ನಾವೂ ಅಲ್ಲಿದ್ದೆವು, ಒಂದು ಜುಝ್ ನಮ್ಮ ಕೈಗೂ ಬಂದಿತ್ತು. ನಾಲ್ಕನೆಯ ಜುಝ್ ಮೃತರ ಹಿರಿಯ ಮಗನ ಕೈಗೆ ಬಂದಿತ್ತು. ಅವರು ಅದನ್ನು ಕಣ್ಣೀರಿಡುತ್ತಲೇ ಓದಿದರು.

ಎರಡು ತಿಂಗಳ ಬಳಿಕ ತಿಳಿದು ಬಂದ ಸಂಗತಿ ಇದು: ತಂದೆಯ ಆಸ್ತಿಯನ್ನು ಗಂಡುಮಕ್ಕಳು ತಮ್ಮೊಳಗೆ ಹಂಚಿಕೊಂಡರು. ಇಬ್ಬರು ಸಹೋದರಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯಲಾಯಿತು. ಅವರು ತುಟಿ ಬಿಚ್ಚಲಿಲ್ಲ. ತವರಿನ ಬಾಗಿಲು ಮುಚ್ಚಿ ಹೋದೀತೆಂಬ ಭಯ ಯಾವ ಹೆಣ್ಣಿಗಿಲ್ಲ? ಆ ಮೌನವನ್ನೇ ಒಪ್ಪಿಗೆಯೆಂದು ಬರೆದುಕೊಳ್ಳಲಾಯಿತು.

ಸಹೋದರರೇ, ವಾರೀಸು ಹಕ್ಕಿನ ಸೂಕ್ತಗಳು ಇರುವುದು ಅದೇ ನಾಲ್ಕನೆಯ ಜುಝ್‌ನಲ್ಲಿ. ಅನ್ನಿಸಾ ಅಧ್ಯಾಯದ 7ನೆಯ ಸೂಕ್ತವು, ಆಸ್ತಿ ಅಲ್ಪವಿರಲಿ ಅಧಿಕವಿರಲಿ, ಅದರಲ್ಲಿ ಪುರುಷರಿಗಿರುವಂತೆ ಸ್ತ್ರೀಯರಿಗೂ ನಿಶ್ಚಿತ ಪಾಲಿದೆಯೆಂದು ಸಾರುತ್ತದೆ. 11 ಮತ್ತು 12ನೆಯ ಸೂಕ್ತಗಳು ಯಾರಿಗೆ ಎಷ್ಟೆಂಬುದನ್ನು ವಿವರಿಸುತ್ತವೆ. ಇವು ಅಲ್ಲಾಹನು ನಿಗದಿಪಡಿಸಿದ ಮೇರೆಗಳು, ಇವನ್ನು ಮೀರಿದವನಿಗೆ ನರಕವಿದೆ ಎಂಬ ಎಚ್ಚರಿಕೆ 13 ಮತ್ತು 14ನೆಯ ಸೂಕ್ತಗಳಲ್ಲಿದೆ. ತಂದೆಗಾಗಿ ಕಣ್ಣೀರಿಟ್ಟ ಆ ಮಗನ ನಾಲಿಗೆಯ ಮೇಲೆಯೇ ಸಹೋದರಿಯರ ಪಾಲಿನ ಲೆಕ್ಕ ಹಾದು ಹೋಗಿತ್ತು. ಅದು ಕಿವಿಗೂ ತಲುಪಲಿಲ್ಲ, ಹೃದಯಕ್ಕೂ ಇಳಿಯಲಿಲ್ಲ. ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಮೂವತ್ತು ಮಂದಿ ಓದಿದ ಆ ಮನೆಯಲ್ಲಿ ಯಾರೊಬ್ಬರೂ ಆ ಮಾತೆತ್ತಲಿಲ್ಲ. ನಾವೂ ಎತ್ತಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ. ನಾವು ಮಾಡುತ್ತಿರುವುದು ನಿಜವಾಗಿಯೂ ಪಾರಾಯಣವೇ?

ತಿಲಾವತ್ ಎಂಬ ಪದ

ಪಾರಾಯಣಕ್ಕೆ ಅರಬಿಯಲ್ಲಿ ತಿಲಾವತ್ ಎನ್ನುತ್ತಾರೆ. ಈ ಪದದ ಧಾತುವಿಗೆ ಓದುವುದು ಎಂಬ ಅರ್ಥದ ಜೊತೆಗೆ ಹಿಂಬಾಲಿಸುವುದು, ಬೆನ್ನ ಹಿಂದೆಯೇ ನಡೆಯುವುದು ಎಂಬ ಅರ್ಥವೂ ಇದೆ. ಅಶ್ಶಮ್ಸ್ ಅಧ್ಯಾಯದಲ್ಲಿ ಸೂರ್ಯನನ್ನು ಹಿಂಬಾಲಿಸಿ ಬರುವ ಚಂದ್ರನ ಬಗ್ಗೆ ಹೇಳುವಾಗ ಅಲ್ಲಾಹನು ಬಳಸಿರುವುದು ಇದೇ ಧಾತುವಿನ ಕ್ರಿಯಾಪದವನ್ನು. ಚಂದ್ರನಿಗೆ ಸ್ವಂತ ಬೆಳಕಿಲ್ಲ. ಸೂರ್ಯನಿಂದ ಪಡೆದುದನ್ನೇ ಅದು ಕತ್ತಲೆಗೆ ಕೊಡುತ್ತದೆ. ಕುರ್‌ಆನ್ ಓದುವ ವಿಶ್ವಾಸಿಯ ಸ್ಥಾನವೂ ಇದೇ. ಅವನು ಗ್ರಂಥದ ಹಿಂದೆ ನಡೆಯುತ್ತಾನೆ, ಅದರಿಂದ ಪಡೆದ ಬೆಳಕನ್ನು ತನ್ನ ಮನೆಗೆ, ಅಂಗಡಿಗೆ, ಬೀದಿಗೆ ತಲುಪಿಸುತ್ತಾನೆ.

ಅಲ್ ಬಕರಃ ಅಧ್ಯಾಯದ 121ನೆಯ ಸೂಕ್ತವು, ಗ್ರಂಥವನ್ನು ಪಾರಾಯಣ ಮಾಡಬೇಕಾದ ರೀತಿಯಲ್ಲಿ ಪಾರಾಯಣ ಮಾಡುವವರೇ ಅದರಲ್ಲಿ ವಿಶ್ವಾಸವಿಡುವವರೆಂದು ತಿಳಿಸುತ್ತದೆ. ಅಂದರೆ ಪಾರಾಯಣಕ್ಕೆ ಒಂದು ಹಕ್ಕಿದೆ. ಅದನ್ನು ಸಲ್ಲಿಸುವುದೆಂದರೆ ಅಕ್ಷರಗಳನ್ನು ಸರಿಯಾಗಿ ಉಚ್ಚರಿಸುವುದು, ಅರ್ಥವನ್ನು ಚಿಂತಿಸುವುದು ಮತ್ತು ಆಜ್ಞೆಯ ಮುಂದೆ ತಲೆಬಾಗುವುದು ಎಂದು ವಿದ್ವಾಂಸರು ವಿವರಿಸಿದ್ದಾರೆ. ನಮ್ಮ ಮದ್ರಸಗಳು ಮೊದಲನೆಯದನ್ನು ಬಹಳ ಶ್ರಮವಹಿಸಿ ಕಲಿಸುತ್ತವೆ. ಉಸ್ತಾದರುಗಳ ಆ ಸೇವೆಗೆ ಬೆಲೆ ಕಟ್ಟಲಾಗದು. ಉಳಿದ ಎರಡನ್ನು ಕಲಿಸುವ ಹೊಣೆ ಯಾರದು? ಅದು ನಮ್ಮದು, ತಂದೆ ತಾಯಿಯರದು.

ಆಲಿಸುವ ಹೃದಯ

ಕುರ್‌ಆನ್ ಅವತೀರ್ಣವಾದ ರೀತಿಯನ್ನು ಗಮನಿಸಿರಿ. ಕ್ರಿ.ಶ. 610ರಲ್ಲಿ ಹಿರಾ ಗುಹೆಯಲ್ಲಿ ಓದಬೇಕೆಂಬ ಆಜ್ಞೆಯೊಂದಿಗೆ ಅದು ಆರಂಭವಾಯಿತು. ಸುಮಾರು 23 ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಪ್ರವಾದಿ(ಸ)ಯವರು ಅದನ್ನು ಜನರಿಗೆ ತಡೆತಡೆದು ಓದಿ ಕೇಳಿಸಲೆಂದೇ ಬಿಡಿ ಬಿಡಿಯಾಗಿ ಇಳಿಸಲಾಯಿತೆಂದು ಬನೀ ಇಸ್ರಾಈಲ್ ಅಧ್ಯಾಯದ 106ನೆಯ ಸೂಕ್ತ ಹೇಳುತ್ತದೆ. ಅಲ್ಲಾಹನು ಇಚ್ಛಿಸಿದ್ದರೆ ಇಡೀ ಗ್ರಂಥವನ್ನು ಒಂದೇ ಸಲಕ್ಕೆ ಪ್ರವಾದಿ(ಸ)ಯವರ ಕೈಗೆ ಕೊಡಬಹುದಿತ್ತು. ಆದರೆ ಮನುಷ್ಯನ ಹೃದಯವನ್ನು ಸೃಷ್ಟಿಸಿದವನಿಗೆ ಅದು ಬದಲಾಗುವ ವೇಗವೂ ತಿಳಿದಿದೆ. ಇಪ್ಪತ್ಮೂರು ವರ್ಷಗಳಲ್ಲಿ ಇಳಿದುದನ್ನು ಒಂದು ಗಂಟೆಯಲ್ಲಿ ಮುಗಿಸಿ ನಾವು ಎದ್ದು ಬಿಡುತ್ತೇವೆ!

ಪ್ರವಾದಿ(ಸ)ಯವರು ಒಮ್ಮೆ ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ)ರೊಡನೆ ತಮಗೆ ಕುರ್‌ಆನ್ ಓದಿ ಕೇಳಿಸುವಂತೆ ಹೇಳಿದರು. ತಮ್ಮ ಮೇಲೆಯೇ ಅವತೀರ್ಣವಾದುದನ್ನು ತಮಗೆ ಓದಿ ಕೇಳಿಸುವುದೇ ಎಂದು ಅವರು ಅಚ್ಚರಿಪಟ್ಟಾಗ, ಇತರರಿಂದ ಕೇಳುವುದು ತಮಗೆ ಇಷ್ಟವೆಂದರು. ಅವರು ಅನ್ನಿಸಾ ಅಧ್ಯಾಯವನ್ನು ಓದುತ್ತಾ 41ನೆಯ ಸೂಕ್ತಕ್ಕೆ ತಲುಪಿದರು. ಪ್ರತಿಯೊಂದು ಸಮುದಾಯದಿಂದಲೂ ಒಬ್ಬ ಸಾಕ್ಷಿಯನ್ನು ತರಲಾಗುವ, ಈ ಜನರ ಮೇಲೆ ಪ್ರವಾದಿ(ಸ)ಯವರನ್ನೇ ಸಾಕ್ಷಿಯಾಗಿ ನಿಲ್ಲಿಸಲಾಗುವ ದಿನದ ಪ್ರಸ್ತಾಪ ಅಲ್ಲಿದೆ. ಪ್ರವಾದಿ(ಸ)ಯವರು ಸಾಕೆಂದರು. ಇಬ್ನು ಮಸ್‌ಊದ್(ರ) ತಲೆಯೆತ್ತಿ ನೋಡಿದಾಗ ಅವರ ಕಣ್ಣುಗಳಿಂದ ನೀರು ಹರಿಯುತ್ತಿತ್ತು. ನಮ್ಮ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ಹೇಳಬೇಕಾದವರು ಆ ಸೂಕ್ತ ಕೇಳಿ ಅತ್ತರು. ಯಾರ ವಿಚಾರಣೆ ನಡೆಯಲಿದೆಯೋ ಆ ನಾವು ಅದನ್ನು ಒಂದೇ ಉಸಿರಿಗೆ ದಾಟಿ ಹೋಗುತ್ತೇವೆ.

ರಾತ್ರಿಯ ನಮಾಝಿನಲ್ಲಿ ಅವರ ಪಾರಾಯಣ ಹೇಗಿತ್ತೆಂಬುದನ್ನು ಹ. ಹುದೈಫಾ(ರ) ವರದಿ ಮಾಡಿದ್ದಾರೆ. ಅಲ್ಲಾಹನ ಕೀರ್ತನೆಯ ಸೂಕ್ತ ಬಂದಾಗ ಅವನನ್ನು ಕೀರ್ತಿಸುತ್ತಿದ್ದರು, ಬೇಡಿಕೆಯ ಸೂಕ್ತ ಬಂದಾಗ ಬೇಡುತ್ತಿದ್ದರು, ಅಭಯ ಯಾಚನೆಯ ಸೂಕ್ತ ಬಂದಾಗ ಅಭಯ ಯಾಚಿಸುತ್ತಿದ್ದರು. ಅಂದರೆ ಅದು ಪ್ರಭು ಮತ್ತು ದಾಸನ ನಡುವಿನ ಸಂಭಾಷಣೆಯಾಗಿತ್ತು. ಮತ್ತೊಂದು ರಾತ್ರಿ ಅಲ್ ಮಾಇದಃ ಅಧ್ಯಾಯದ 118ನೆಯ ಒಂದೇ ಸೂಕ್ತವನ್ನು ಆವರ್ತಿಸುತ್ತಾ ಬೆಳಗಿನ ತನಕ ನಿಂತಿದ್ದರೆಂದು ಹ. ಅಬೂದರ್(ರ) ವರದಿ ಮಾಡಿದ್ದಾರೆ.

ಇಮಾಮ್ ಗಝ್ಝಾಲಿ(ರ) ತಮ್ಮ 'ಇಹ್ಯಾ ಉಲೂಮುದ್ದೀನ್' ಎಂಬ ಗ್ರಂಥದಲ್ಲಿ ಕುರ್‌ಆನ್ ಪಾರಾಯಣದ ಶಿಷ್ಟಾಚಾರಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಬಾಹ್ಯ ಶಿಷ್ಟಾಚಾರಗಳು ಹತ್ತು, ಆಂತರಿಕ ಶಿಷ್ಟಾಚಾರಗಳು ಹತ್ತು. ಆಂತರಿಕ ಶಿಷ್ಟಾಚಾರಗಳಲ್ಲಿ ಒಂದು, ಕುರ್‌ಆನಿನ ಪ್ರತಿಯೊಂದು ಸಂಬೋಧನೆಯೂ ತನ್ನನ್ನೇ ಕುರಿತಾಗಿದೆಯೆಂದು ಓದುಗನು ಭಾವಿಸುವುದು. ನಮ್ಮ ರೋಗಕ್ಕೆ ಮದ್ದು ಇಲ್ಲಿದೆ. ಕಪಟಿಗಳ ಬಗ್ಗೆ ಓದುವಾಗ ನಮಗೆ ನೆರೆಮನೆಯವನ ನೆನಪಾಗುತ್ತದೆ. ಫಿರ್‌ಔನನ ಬಗ್ಗೆ ಓದುವಾಗ ಅಧಿಕಾರದಲ್ಲಿರುವವರ ನೆನಪಾಗುತ್ತದೆ. ನಮ್ಮ ಮನೆಯೊಳಗೆ ಕೂಡಾ ಒಬ್ಬ ಸಣ್ಣ ಫಿರ್‌ಔನ್ ಇರಬಹುದೆಂಬುದು ನಮಗೆ ಹೊಳೆಯುವುದಿಲ್ಲ.

ಸ್ವಲ್ಪವಾದರೂ ನಿರಂತರ

ಕೆಲವರು ಕೇಳಬಹುದು: ವ್ಯಾಪಾರ, ನೌಕರಿ, ಮಕ್ಕಳ ಶಾಲೆ ಎಂಬ ಜಂಜಾಟದ ನಡುವೆ ಇದಕ್ಕೆಲ್ಲ ಸಮಯವೆಲ್ಲಿ? ಈ ಪ್ರಶ್ನೆಗೆ ಕುರ್‌ಆನೇ ಉತ್ತರಿಸಿದೆ. ಅಲ್ ಮುಝ್ಝಮ್ಮಿಲ್ ಅಧ್ಯಾಯದ ಕೊನೆಯ ಸೂಕ್ತವು ರೋಗಿಗಳನ್ನೂ, ಜೀವನೋಪಾಯವನ್ನು ಅರಸುತ್ತಾ ಪ್ರಯಾಣಿಸುವವರನ್ನೂ ಪರಿಗಣಿಸಿ, ಸುಲಭವಾಗುವಷ್ಟನ್ನು ಓದಿರೆಂದು ಆದೇಶಿಸುತ್ತದೆ. ರಿಯಾಯಿತಿ ಇರುವುದು ಪ್ರಮಾಣದಲ್ಲಿ. ಓದದೆ ಇರಲು ರಿಯಾಯಿತಿಯಿಲ್ಲ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮವು ಸ್ವಲ್ಪವಾದರೂ ನಿರಂತರವಾಗಿ ಮಾಡುವಂತಹದ್ದೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ.

ಯುವಕರಾಗಿದ್ದ ಹ. ಅಬ್ದುಲ್ಲಾ ಬಿನ್ ಅಮ್ರ್(ರ) ಬಹಳ ಉತ್ಸಾಹದಿಂದ ಓದುತ್ತಿದ್ದರು. ತಿಂಗಳಿಗೊಮ್ಮೆ ಮುಗಿಸಿದರೆ ಸಾಕೆಂದು ಪ್ರವಾದಿ(ಸ)ಯವರು ಅವರಿಗೆ ಸೂಚಿಸಿದರು. ತಮಗೆ ಇನ್ನೂ ಹೆಚ್ಚು ಸಾಧ್ಯವೆಂದು ಅವರು ಒತ್ತಾಯಿಸಿದಾಗ ಏಳು ದಿನಗಳ ತನಕ ಇಳಿಸಿದರು. ಮೂರು ದಿನಗಳಿಗಿಂತ ಕಡಿಮೆ ಅವಧಿಯಲ್ಲಿ ಓದಿ ಮುಗಿಸುವವನಿಗೆ ಅದು ಅರ್ಥವಾಗದೆಂಬ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ವೃದ್ಧಾಪ್ಯದಲ್ಲಿ ದೇಹ ಕುಗ್ಗಿದಾಗ ಅದೇ ಸಹಾಬಿ, ಪ್ರವಾದಿ(ಸ)ಯವರು ಕೊಟ್ಟ ರಿಯಾಯಿತಿಯನ್ನು ಅಂದೇ ಸ್ವೀಕರಿಸಿರುತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಂಬಲಿಸಿದರು. ಆದರೂ ಕೈಗೊಂಡುದನ್ನು ಬಿಡಲಿಲ್ಲ. ಖತಂಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಈ ಘಟನೆಯನ್ನು ಮತ್ತೆ ಮತ್ತೆ ನೆನಪಿಸಿಕೊಳ್ಳಬೇಕು.

ತಡವರಿಸುವವರು ಮತ್ತು ಅರ್ಥ ತಿಳಿಯದವರು

ನಮ್ಮ ತಾಯಂದಿರಲ್ಲಿ, ಹಿರಿಯರಲ್ಲಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವವರಿದ್ದಾರೆ. ತಪ್ಪಾದೀತೆಂಬ ನಾಚಿಕೆಯಿಂದ ಓದನ್ನೇ ಬಿಟ್ಟವರೂ ಇದ್ದಾರೆ. ಕಷ್ಟಪಟ್ಟು, ತಡವರಿಸುತ್ತಾ ಓದುವವರಿಗೆ ಇಮ್ಮಡಿ ಪ್ರತಿಫಲವಿದೆಯೆಂಬ ಶುಭವಾರ್ತೆಯನ್ನು ಹ. ಆಯಿಶಾ(ರ) ನಮಗೆ ತಲುಪಿಸಿದ್ದಾರೆ. ಆದ್ದರಿಂದ ನಾಚಬೇಕಾಗಿಲ್ಲ. ಮೊಮ್ಮಗನ ಬಳಿ ಕುಳಿತು ಕಲಿಯುವ ಅಜ್ಜಿಯ ಓದು ಅಲ್ಲಾಹನ ಬಳಿ ಸಣ್ಣದಲ್ಲ.

ಅರ್ಥ ತಿಳಿಯದೆ ಓದುವುದು ನಿಷ್ಫಲವೆಂದು ನಾವು ಹೇಳುತ್ತಿಲ್ಲ. ಒಂದೊಂದು ಅಕ್ಷರಕ್ಕೂ ಹತ್ತು ಪಟ್ಟು ಪುಣ್ಯವಿದೆಯೆಂದು ಹದೀಸ್ ಹೇಳುವಾಗ ಅದನ್ನು ಅಲ್ಲಗಳೆಯಲು ನಾವು ಯಾರು? ಆದರೆ ಆ ಗ್ರಂಥವನ್ನು ಇಳಿಸಲಾಗಿರುವುದು ಜನರು ಅದರ ಸೂಕ್ತಗಳ ಕುರಿತು ಚಿಂತನೆ ಮಾಡಲಿಕ್ಕಾಗಿ ಎಂದು ಸ್ವಾದ್ ಅಧ್ಯಾಯದ 29ನೆಯ ಸೂಕ್ತ ಸ್ಪಷ್ಟಪಡಿಸಿದೆ. ಚಿಂತಿಸದವರ ಹೃದಯಗಳಿಗೆ ಬೀಗ ಬಿದ್ದಿದೆಯೇ ಎಂದು ಮುಹಮ್ಮದ್ ಅಧ್ಯಾಯದ 24ನೆಯ ಸೂಕ್ತ ಕೇಳುತ್ತದೆ. ಪುಣ್ಯವು ಬಾಗಿಲಾದರೆ ಚಿಂತನೆಯು ಒಳಮನೆ. ಬಾಗಿಲಲ್ಲೇ ನಿಂತು ಮರಳುವ ಅತಿಥಿಗಳು ನಾವಾಗಬಾರದು.

18ನೆಯ ಶತಮಾನದಲ್ಲಿ ದೆಹಲಿಯ ಶಾಹ್ ವಲಿಯುಲ್ಲಾಹ್(ರ) ಕುರ್‌ಆನನ್ನು ಅಂದಿನ ವಿದ್ಯಾವಂತರ ಭಾಷೆಯಾಗಿದ್ದ ಪಾರ್ಸಿಗೆ ಅನುವಾದಿಸಿದರು. ಅವರ ಪುತ್ರರಾದ ಶಾಹ್ ರಫೀಉದ್ದೀನ್ ಮತ್ತು ಶಾಹ್ ಅಬ್ದುಲ್ ಕಾದಿರ್ ಅದನ್ನು ಉರ್ದುವಿಗೆ ತಂದರು. ಸಾಮಾನ್ಯ ಮುಸ್ಲಿಮನ ಮನೆಗೂ ಅದರ ಅರ್ಥ ತಲುಪಬೇಕೆಂಬುದು ಅವರ ಹಂಬಲವಾಗಿತ್ತು. ಇಂದು ನಮ್ಮ ಕನ್ನಡದಲ್ಲಿಯೇ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ, ವ್ಯಾಖ್ಯಾನಗಳಿವೆ. ಅನುವಾದವು ಕುರ್‌ಆನಿನ ಸ್ಥಾನವನ್ನು ತುಂಬದು. ಆದರೆ ಕನ್ನಡದಲ್ಲಿ ಪತ್ರಿಕೆ ಓದುವ, ಕನ್ನಡದಲ್ಲಿ ಆಸ್ತಿಪತ್ರ ಬರೆಸುವ ನಾವು, ಕುರ್‌ಆನ್ ಏನು ಹೇಳುತ್ತದೆಂಬುದು ನಮಗೆ ತಿಳಿಯದೆಂದು ಅಲ್ಲಾಹನ ಮುಂದೆ ನೆಪ ಹೇಳುವಂತಿಲ್ಲ.

ಅವರು ಹೇಗೆ ಓದಿದರು?

ಸಹಾಬಿಗಳಿಂದ ಕುರ್‌ಆನ್ ಕಲಿತ ಅಬೂ ಅಬ್ದುರ್ರಹ್ಮಾನ್ ಅಸ್ಸುಲಮಿ ತಮ್ಮ ಗುರುಗಳ ಕ್ರಮವನ್ನು ತಿಳಿಸಿದ್ದಾರೆ. ಅವರು ಹತ್ತು ಸೂಕ್ತಗಳನ್ನು ಕಲಿತರೆ, ಅವುಗಳಲ್ಲಿರುವ ಜ್ಞಾನವನ್ನೂ ಕರ್ಮವನ್ನೂ ಕಲಿಯದೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಹ. ಅಬೂಬಕರ್(ರ)ರ ಆಶ್ರಯದಲ್ಲಿದ್ದ ಬಡ ಬಂಧು ಮಿಸ್ತಹ್, ಅವರ ಮಗಳು ಆಯಿಶಾ(ರ)ರ ಮೇಲೆ ಹೊರಿಸಲಾದ ಅಪವಾದದಲ್ಲಿ ಪಾಲ್ಗೊಂಡರು. ನೊಂದ ತಂದೆ ಇನ್ನು ಅವನಿಗೆ ನೆರವಾಗಲಾರೆನೆಂದು ಆಣೆ ಹಾಕಿದರು. ಆಗ ಅನ್ನೂರ್ ಅಧ್ಯಾಯದ 22ನೆಯ ಸೂಕ್ತ ಅವತೀರ್ಣವಾಯಿತು. ಅಲ್ಲಾಹನು ನಿಮ್ಮನ್ನು ಕ್ಷಮಿಸುವುದು ನಿಮಗೆ ಇಷ್ಟವಿಲ್ಲವೇ ಎಂಬುದು ಅದರ ಪ್ರಶ್ನೆ. ಅಬೂಬಕರ್(ರ) ನೆರವನ್ನು ಪುನಃ ಆರಂಭಿಸಿದರು. ನಮ್ಮಲ್ಲಿ ಎಷ್ಟು ಕುಟುಂಬಗಳು ಇದಕ್ಕಿಂತ ಎಷ್ಟೋ ಸಣ್ಣ ಮಾತಿಗೆ ವರ್ಷಗಟ್ಟಲೆ ಮುಖ ನೋಡದೆ ಬದುಕುತ್ತಿವೆ!

ಹ. ಉಮರ್(ರ) ಖಲೀಫರಾಗಿದ್ದಾಗ ಒಬ್ಬನು ಎದುರಿಗೇ ನಿಂದಿಸಿದನು. ಅವರು ಕುಪಿತರಾದರು. ಪಕ್ಕದಲ್ಲಿದ್ದ ಹುರ್ ಬಿನ್ ಕೈಸ್(ರ), ಅಜ್ಞಾನಿಗಳನ್ನು ಕಡೆಗಣಿಸಲು ಆದೇಶಿಸುವ ಅಲ್ ಅಅ್‌ರಾಫ್ ಅಧ್ಯಾಯದ 199ನೆಯ ಸೂಕ್ತವನ್ನು ಓದಿದರು. ಉಮರ್(ರ) ಅಲ್ಲಿಗೇ ನಿಂತುಬಿಟ್ಟರು. ಅಧಿಕಾರ ಕೈಯಲ್ಲಿದ್ದವರನ್ನು ಒಂದು ಸೂಕ್ತ ತಡೆದು ನಿಲ್ಲಿಸಿತು.

ಇನ್ನು ಹ. ಅಬೂತಲ್‌ಹಾ(ರ). ನಮಗೆ ಪ್ರಿಯವಾದುದನ್ನು ಖರ್ಚು ಮಾಡುವ ತನಕ ಪುಣ್ಯವನ್ನು ಪಡೆಯಲಾರೆವೆಂಬ ಆಲಿ ಇಮ್ರಾನ್ ಅಧ್ಯಾಯದ 92ನೆಯ ಸೂಕ್ತ ಕೇಳಿದೊಡನೆ, ತಮಗೆ ಅತ್ಯಂತ ಪ್ರಿಯವಾಗಿದ್ದ ಬೈರುಹಾ ತೋಟವನ್ನು ಅಲ್ಲಾಹನ ಮಾರ್ಗದಲ್ಲಿ ಕೊಡಲು ಮುಂದಾದರು. ಅದನ್ನು ಬಂಧುಗಳಿಗೆ ಹಂಚುವಂತೆ ಪ್ರವಾದಿ(ಸ)ಯವರು ಸಲಹೆಯಿತ್ತರು. ನಮ್ಮ ದೇಶದಲ್ಲಿ ಮುದ್ರಿತವಾಗುವ ಪ್ರತಿಗಳಲ್ಲಿ ನಾಲ್ಕನೆಯ ಜುಝ್ ಆರಂಭವಾಗುವುದು ಇದೇ ಸೂಕ್ತದಿಂದ. ಆ ಮರಣದ ಮನೆಯಲ್ಲಿ ಹಿರಿಯ ಮಗ ಮೊದಲು ಓದಿದ್ದು ಇದನ್ನೇ.

ನಮ್ಮ ತಕ್ಕಡಿ, ನಮ್ಮ ಮದುವೆ

ಅಲ್ ಮುತಫ್ಫಿಫೀನ್ ಅಧ್ಯಾಯ ನಮ್ಮ ಮಕ್ಕಳಿಗೂ ಕಂಠಪಾಠವಿದೆ. ಪಡೆಯುವಾಗ ಪೂರ್ಣವಾಗಿ ಪಡೆದು ಕೊಡುವಾಗ ಕಡಿಮೆ ಅಳೆಯುವವರಿಗೆ ಅದರಲ್ಲಿ ವಿನಾಶದ ಎಚ್ಚರಿಕೆಯಿದೆ. ಮಗ ಇದನ್ನು ಮನೆಯಲ್ಲಿ ಕಂಠಪಾಠ ಮಾಡುತ್ತಿರುವಾಗ ತಂದೆಯ ಅಂಗಡಿಯ ತಕ್ಕಡಿ ಹೇಗಿದೆ? ಕೂಲಿಯಾಳಿನಿಂದ ಪೂರ್ತಿ ದಿನದ ದುಡಿಮೆ ಪಡೆದು ಮಜೂರಿ ಕೊಡುವಾಗ ಕಾಯಿಸುವುದೂ ಒಂದು ತಕ್ಕಡಿಯೇ. ನಿಕಾಹ್‌ನ ಖುತ್ಬಾದಲ್ಲಿ ಓದಲಾಗುವ ಅನ್ನಿಸಾ ಅಧ್ಯಾಯದ ಮೊದಲ ಸೂಕ್ತವು ಅಲ್ಲಾಹನನ್ನು ಭಯಪಡಲು, ರಕ್ತ ಸಂಬಂಧಗಳ ಬಗ್ಗೆ ಎಚ್ಚರದಿಂದಿರಲು ಆದೇಶಿಸುತ್ತದೆ. ಮೂರು ಸೂಕ್ತಗಳಾಚೆಗೆ, ಹೆಣ್ಣಿಗೆ ಮಹ್ರ್ ಅನ್ನು ಸಂತೋಷದಿಂದ ಕೊಡಬೇಕೆಂಬ ಆಜ್ಞೆಯಿದೆ. ಆ ಖುತ್ಬಾ ಕೇಳಿ ತಲೆದೂಗುವ ಸಭೆಯಲ್ಲಿಯೇ, ಹೆಣ್ಣಿನ ತಂದೆ ಸಾಲ ಮಾಡಿ ಹೊಂದಿಸಿದ ವರದಕ್ಷಿಣೆ ಅದಾಗಲೇ ಕೈ ಬದಲಾಗಿರುತ್ತದೆ.

ಇಂದು ನಮ್ಮ ಸಮುದಾಯದ ಕುರಿತು ಟಿ.ವಿ.ಗಳಲ್ಲಿ, ಮೊಬೈಲ್‌ಗಳಲ್ಲಿ ಬರುವ ಮಾತುಗಳು ನಮ್ಮನ್ನು ನೋಯಿಸುತ್ತವೆ. ಆ ನೋವು ಸಹಜ, ಅನ್ಯಾಯವನ್ನು ಪ್ರಶ್ನಿಸುವುದೂ ನಮ್ಮ ಹಕ್ಕು. ಆದರೆ ಯಾವುದೇ ಜನಾಂಗದ ಮೇಲಿನ ಹಗೆ ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸಬಾರದೆಂದು ತಾಕೀತು ಮಾಡುವ ಅಲ್ ಮಾಇದಃ ಅಧ್ಯಾಯದ 8ನೆಯ ಸೂಕ್ತವನ್ನು ಓದಬೇಕಾದುದು ಅಂತಹ ಕೋಪದ ಗಳಿಗೆಯಲ್ಲಿಯೇ. ನಮ್ಮ ನೆರೆಹೊರೆಯವರಲ್ಲಿ ಹೆಚ್ಚಿನವರು ಕುರ್‌ಆನ್ ಓದಿಲ್ಲ. ಅವರು ನಮ್ಮ ವ್ಯವಹಾರವನ್ನು ಓದುತ್ತಾರೆ. ಪ್ರವಾದಿ(ಸ)ಯವರ ಸ್ವಭಾವ ಹೇಗಿತ್ತೆಂದು ಕೇಳಿದವರಿಗೆ, ಅದು ಕುರ್‌ಆನೇ ಆಗಿತ್ತೆಂದು ಹ. ಆಯಿಶಾ(ರ) ಉತ್ತರಿಸಿದ್ದರು. ನಮ್ಮ ಮನೆಯವರು ನಮ್ಮ ಬಗ್ಗೆ ಏನು ಹೇಳಿಯಾರು?

ಇಂದಿನಿಂದ ಏನು ಮಾಡೋಣ?

ದೊಡ್ಡ ಯೋಜನೆಗಳು ಬೇಡ. ಫಜ್ರ್‌ನ ಬಳಿಕವೋ ಮಗ್ರಿಬ್‌ನ ಬಳಿಕವೋ ಹದಿನೈದು ನಿಮಿಷಗಳನ್ನು ನಿಗದಿಪಡಿಸಿರಿ. ಮನೆಯವರೆಲ್ಲ ಒಟ್ಟಿಗೆ ಕುಳಿತುಕೊಳ್ಳಿರಿ, ಟಿ.ವಿ., ಮೊಬೈಲ್ ದೂರವಿರಲಿ. ನಾಲ್ಕೈದು ಸೂಕ್ತಗಳನ್ನು ನಿಧಾನವಾಗಿ ಓದಿರಿ. ಅನುವಾದವನ್ನು ಮಕ್ಕಳಲ್ಲಿ ಒಬ್ಬರು ಓದಲಿ. ಬಳಿಕ ಒಂದೇ ಪ್ರಶ್ನೆ: ಇದರಲ್ಲಿ ಇಂದು ನಮಗೆ ಏನಿದೆ? ಉತ್ತರ ಸಿಗದಿದ್ದರೆ ಮರುದಿನ ಅದೇ ಸೂಕ್ತಗಳನ್ನು ಮತ್ತೆ ಓದಿರಿ. ಮನೆಗಳನ್ನು ಗೋರಿಗಳನ್ನಾಗಿ ಮಾಡಬೇಡಿರೆಂದು ಪ್ರವಾದಿ(ಸ)ಯವರು ಎಚ್ಚರಿಸಿ, ಅಲ್ ಬಕರಃ ಓದಲ್ಪಡುವ ಮನೆಯಿಂದ ಶೈತಾನನು ಓಡಿ ಹೋಗುವನೆಂದು ತಿಳಿಸಿದ್ದಾರೆ. ಸತ್ತವರಿಗಾಗಿ ಮಾತ್ರ ಕುರ್‌ಆನ್ ಓದಲಾಗುವ ಮನೆಗೂ ಗೋರಿಗೂ ಎಷ್ಟು ಅಂತರವಿದೆಯೆಂದು ನೀವೇ ಯೋಚಿಸಿರಿ.

ಕೊನೆಯದಾಗಿ ಆ ಮನೆಯ ಮಾತು. ಕೆಲವು ದಿನಗಳ ಹಿಂದೆ ನಾವು ಅಲ್ಲಿಗೆ ಹೋದೆವು, ಬಹಳ ತಡವಾಗಿ. ಹಿರಿಯ ಮಗನ ಮುಂದೆ ಅನ್ನಿಸಾ ಅಧ್ಯಾಯವನ್ನೂ ಅದರ ಅನುವಾದವನ್ನೂ ಇಟ್ಟೆವು. ಅಂದು ಬಾಯಿ ಮುಚ್ಚಿ ಕುಳಿತ ತಪ್ಪು ನಮ್ಮದೂ ಹೌದೆಂದು ಮೊದಲು ಒಪ್ಪಿಕೊಂಡೆವು. ಅವರು ಬಹಳ ಹೊತ್ತು ಓದಿದರು. ಸಹೋದರರೊಂದಿಗೆ ಮಾತನಾಡುತ್ತೇನೆ ಎಂದರು. ಅಷ್ಟೇ ಆಗಿದೆ. ಪಾಲು ಇನ್ನೂ ಸಹೋದರಿಯರ ಕೈ ಸೇರಿಲ್ಲ. ಸೇರುವ ತನಕ ಆ ಮನೆಯ ಖತಂ ಪೂರ್ಣವಾಯಿತೆಂದು ಹೇಳಲು ನಮಗೆ ಧೈರ್ಯವಿಲ್ಲ.

ತನ್ನ ಜನರು ಈ ಕುರ್‌ಆನನ್ನು ತೊರೆದು ಬಿಟ್ಟರೆಂದು ಸಂದೇಶವಾಹಕರು ಪ್ರಭುವಿನೊಡನೆ ದೂರಿಕೊಳ್ಳುವ ಪ್ರಸ್ತಾಪ ಅಲ್ ಫುರ್ಕಾನ್ ಅಧ್ಯಾಯದ 30ನೆಯ ಸೂಕ್ತದಲ್ಲಿದೆ. ಅಲ್ಲಾಹನೇ, ಆ ದೂರಿನಲ್ಲಿ ನಮ್ಮ ಹೆಸರು ಸೇರದಿರಲಿ. ನಮ್ಮ ನಾಲಿಗೆ ಓದಿದುದನ್ನು ನಮ್ಮ ಹೃದಯ ಆಲಿಸಲಿ, ನಮ್ಮ ಕೈಕಾಲುಗಳು ಹಿಂಬಾಲಿಸಲಿ. ಈ ಗ್ರಂಥವನ್ನು ನಮ್ಮ ವಿರುದ್ಧದ ಸಾಕ್ಷಿಯಾಗಿಸದೆ ನಮ್ಮ ಪರವಾದ ಸಾಕ್ಷಿಯಾಗಿಸು. ಆಮೀನ್.